ಹಳೇ ಲೆನ್ಸಿಗೆ ಹೊಸ ಬಳೆ

ಫೋಟೊ ತೆಗೆಯುವಾಗ ಮಸೂದ ಚಾಚಾ ಯಾರಿಗೂ ‘ನಗ್ರಿ’ ಅಂದವರಲ್ಲ. ಎದುರಿಗೆ ಮೈ ಬಿಗಿದು ನಿಂತ ಗೌಡರಿರಲಿ, ನಾಚಿ ನೆಲ ನೋಡುವ ಮದುಮಗಳಿರಲಿ, ಕ್ಯಾಮೆರಾ ಕಣ್ಣಿಗಿಟ್ಟುಕೊಂಡು ಒಂದೇ ಪ್ರಶ್ನೆ ಕೇಳುತ್ತಿದ್ದರು: “ಇವತ್ತ ಏನ್ ಉಂಡ್ರಿ?” ಈ ಪ್ರಶ್ನೆಗೆ ಮುಖ ಗಂಟು ಹಾಕಿಕೊಂಡು ಉತ್ತರ ಕೊಡುವ ಮನುಷ್ಯ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಪುಂಡಿಪಲ್ಯ ಅನ್ನುವಾಗ ತುಟಿ ಅರಳುತ್ತಿತ್ತು, ಇನ್ನೂ ಉಂಡಿಲ್ಲ ಅನ್ನುವಾಗ ನಾಚಿಕೆಯ ನಗು ಬರುತ್ತಿತ್ತು, ಅಷ್ಟರಲ್ಲಿ ಕ್ಯಾಮೆರಾ ಚಕ್ ಅಂದಿರುತ್ತಿತ್ತು. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮನೆಗಳಲ್ಲಿ ಗೋಡೆಗೆ ತೂಗಿದ ಹಳೇ ಮದುವೆ ಫೋಟೊ ನೋಡಿ. ಗಂಡನನ್ನು ನೆನೆದು ನಗುತ್ತಿದ್ದಾಳೆ ಅಂತ ನೀವು ತಿಳಿದ ಹೆಂಡತಿ ನಿಜವಾಗಿ ಹೋಳಿಗೆ ನೆನೆದು ನಗುತ್ತಿರುತ್ತಾಳೆ.

ನಾನು ಪಂಚಶೀಲಾ, ಹಿರೋಳ್ಳಿಯವಳು. ಆಳಂದದ ಬಜಾರಿನಲ್ಲಿ ಮಸೂದ ಚಾಚಾರ ಸ್ಟುಡಿಯೊ ಇದೆ. ಅಲ್ಲಿ ಮದುವೆ ಫೋಟೊ ತೆಗೆಯುವವಳು ಅವರ ಮಗಳು ಮಿನಾಜ, ವಿಡಿಯೊ ಮಾಡುವವಳು ನಾನು. ನನ್ನ ಬಾಯಿ ಖಾರ ಅಂತ ಜನ ಆಡಿಕೊಳ್ಳುತ್ತಾರೆ. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಕ್ಯಾಮೆರಾದ ಮುಂದೆ ಮೊಬೈಲು ಚಾಚುವ ಸೋದರಮಾವಂದಿರನ್ನು ಅವರೂ ಒಂದು ಸೀಜನ್ ಸಂಭಾಳಿಸಿ ನೋಡಲಿ, ಆಮೇಲೆ ಮಾತಾಡೋಣ. ಚಾಚಾರ ಮನೆಯ ಮಾತು ಉರ್ದು. ಆದರೆ ಕಸುಬು, ಚೇಷ್ಟೆ, ಜಗಳ ಮೂರೂ ಕನ್ನಡದಲ್ಲೇ ನಡೆಯುತ್ತವೆ, ಏಕೆಂದರೆ ಆ ಮೂರರಲ್ಲೂ ನಾನಿರುತ್ತೇನೆ.

ಚಾಚಾ ರೀಲಿನ ಕಾಲದವರು. ಆ ಕಾಲದಲ್ಲೇ ಸೊಲ್ಲಾಪುರಕ್ಕೆ ಹೋಗಿ, ಕಸುಬು ಬಿಡುತ್ತಿದ್ದ ಒಬ್ಬ ಮುದುಕನಿಂದ ಎಂಬತ್ತೈದು ಎಂಎಂ ಲೆನ್ಸು ತಂದಿದ್ದರು. ಮುಖ ತೆಗೆಯಲಿಕ್ಕೆ ಅದನ್ನು ಬಿಟ್ಟರೆ ಇನ್ನೊಂದಿಲ್ಲ ಅನ್ನುವುದು ಅವರ ಮತ. ಅದರಲ್ಲಿ ಆಟೊಫೋಕಸ್ ಇಲ್ಲ. ಲೆನ್ಸಿನ ಮೈಸುತ್ತ ಇರುವ ಪಟ್ಟಿಯನ್ನು ಕೈಯಿಂದ ತಿರುಗಿಸಿದರೆ ಚಿತ್ರ ನಿಚ್ಚಳವಾಗುತ್ತದೆ. ದೂರದ್ದಕ್ಕೆ ಒಂದು ಕೊನೆ, ಹತ್ತಿರದ್ದಕ್ಕೆ ಒಂದು ಕೊನೆ, ಎರಡೂ ಕಡೆ ಟಕ್ಕನೆ ನಿಲ್ಲುತ್ತದೆ. ರೊಟ್ಟಿ ಬಡಿಯುವ ಹೆಂಗಸು ಹಿಟ್ಟು ನೋಡದೆಯೇ ಪಕ್ಕದವಳ ಜೊತೆ ಮಾತಾಡುತ್ತಾಳಲ್ಲ, ಹಾಗೆ ಚಾಚಾರ ಎಡಗೈ ಆ ಪಟ್ಟಿಯ ಮೇಲೆ ತನ್ನಷ್ಟಕ್ಕೆ ತಾನು ಓಡಾಡುತ್ತಿತ್ತು.

ಅವರ ಕಸುಬಿನಲ್ಲಿ ಒಂದು ಬಾಗಿಲು ಮಾತ್ರ ಯಾವಾಗಲೂ ಮುಚ್ಚಿರುತ್ತಿತ್ತು. ಮುಸಲ್ಮಾನರ ಮದುವೆಯಲ್ಲಿ ನಿಕಾಹ್ ಮುಗಿದ ಮೇಲೆ ಹೆಂಗಸರ ಕೋಣೆಯಲ್ಲಿ ಜಲ್ವಾ ನಡೆಯುತ್ತದೆ. ಮದುಮಕ್ಕಳನ್ನು ಎದುರುಬದುರು ಕೂರಿಸಿ, ಇಬ್ಬರ ತಲೆಯ ಮೇಲೆ ಒಂದೇ ಕೆಂಪು ಬಟ್ಟೆ ಹಿಡಿದು, ನಡುವೆ ಕನ್ನಡಿ ಇಡುತ್ತಾರೆ. ಗಂಡ ಹೆಂಡತಿಯಾಗಿ ಒಬ್ಬರ ಮುಖ ಒಬ್ಬರು ಮೊದಲು ನೋಡುವುದು ಆ ಕನ್ನಡಿಯಲ್ಲಿ. ಅಲ್ಲಿಗೆ ಹೊರಗಿನ ಗಂಡಸರು ಹೋಗುವಂತಿಲ್ಲ. ಹೀಗಾಗಿ ಊರೂರ ಮದುವೆ ಮಾಡಿದ ಚಾಚಾ ಒಂದೂ ಜಲ್ವಾ ತೆಗೆದವರಲ್ಲ. ಪರದೆಯ ಹೊರಗೆ ಕುರ್ಚಿ ಹಾಕಿಕೊಂಡು, ಒಳಗಿನ ಹಾಡು ಮತ್ತು ನಗು ಕೇಳುತ್ತಾ ಕೂರುತ್ತಿದ್ದರು. ಅದಕ್ಕೇ ಮಿನಾಜಳ ಕೈಗೆ ಕ್ಯಾಮೆರಾ ಕೊಟ್ಟರು. ಈಗ ನಮ್ಮ ಕಡೆ ಜಲ್ವಾ ಫೋಟೊ ಅಂದರೆ ಮಿನಾಜ. ಆಕೆ ತೆಗೆದು ತಂದದ್ದನ್ನು ಚಾಚಾ ಕಂಪ್ಯೂಟರಿನ ಮುಂದೆ ಕೂತು ಒಂದೊಂದಾಗಿ ದೊಡ್ಡದು ಮಾಡಿ ನೋಡುತ್ತಿದ್ದರು.

ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಬ್ಬಾಗುವ ಚಾಳೀಸು ಎಲ್ಲರಿಗೂ ಬರುತ್ತದೆ. ಚಾಚಾರಿಗೆ ಸ್ವಲ್ಪ ತಡವಾಗಿ ಬಂತು, ಬಂದದ್ದು ಜೋರಾಗಿಯೇ ಬಂತು. ಕನ್ನಡಕ ಹಾಕಿಕೊಂಡರೆ ಕ್ಯಾಮೆರಾ ಕಣ್ಣಿಗೆ ಹತ್ತುವುದಿಲ್ಲ, ತೆಗೆದರೆ ಚಿತ್ರ ಕಾಣುವುದಿಲ್ಲ. ಇಜೇರಿಯ ಒಂದು ಮದುವೆಯಲ್ಲಿ ತೆಗೆದ ಫೋಟೊಗಳಲ್ಲಿ ಮದುಮಗಳ ಝುಮಕಿಯ ಮಣಿಮಣಿಯೂ ನಿಚ್ಚಳ, ಕಣ್ಣು ಮಾತ್ರ ಮಂಜು. ಮನೆಯವರು “ಭಾಳ ಛಲೋ ಬಂದಾವ್ರಿ” ಅಂದರು. ಝುಮಕಿ ಮಾಡಿಸಿದವರಿಗೆ ಹಾಗೇ ಕಂಡಿರಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಚಾಚಾ ನೆಲವನ್ನೂ ಬೈಯಲಿಲ್ಲ, ಲೆನ್ಸನ್ನೂ ಬೈಯಲಿಲ್ಲ, ಕ್ಯಾಮೆರಾ ಚೀಲವನ್ನು ಅಂಗಡಿಯ ಗೂಟಕ್ಕೆ ತೂಗುಹಾಕಿ ಸುಮ್ಮನಾದರು. ಅವತ್ತಿನಿಂದ ‘ಏನ್ ಉಂಡ್ರಿ’ ಅನ್ನುವುದೂ ನಿಂತುಹೋಯಿತು.

ಅಷ್ಟರಲ್ಲಿ ಮಿನಾಜ ಮಿರರ್‌ಲೆಸ್ ಕ್ಯಾಮೆರಾ ತಂದಿದ್ದಳು. ಹಳೇ ಕ್ಯಾಮೆರಾಗಳ ಹೊಟ್ಟೆಯಲ್ಲಿ ಒಂದು ಕನ್ನಡಿ ಇರುತ್ತಿತ್ತು, ಇದರಲ್ಲಿ ಅದಿಲ್ಲ, ಹಾಗಾಗಿ ತೆಳ್ಳಗೆ, ಹಗುರ. ಅದರ ಲೆನ್ಸು ಹಾಕಿ ಮುಖಕ್ಕೆ ಹಿಡಿದರೆ ಒಂದು ಪುಟ್ಟ ಚೌಕ ತಾನೇ ಹೋಗಿ ಕಣ್ಣಿನ ಮೇಲೆ ಕೂರುತ್ತದೆ, ಫೋಕಸ್ ತಾನೇ ಆಗುತ್ತದೆ. ಆಕೆ ಅದನ್ನು ಚಾಚಾರ ಕೈಗೆ ಕೊಟ್ಟು ನೋಡಿದಳು. ಚಾಚಾ ಹೊಸ ಲೆನ್ಸಿನ ಪಟ್ಟಿ ತಿರುಗಿಸಿದರು. ಅದು ತಿರುಗಿತು, ತಿರುಗಿತು, ಎಲ್ಲೂ ನಿಲ್ಲಲಿಲ್ಲ. ಹೊಸವು ಹಾಗೇ, ಅವಕ್ಕೆ ಕೊನೆ ಇರುವುದಿಲ್ಲ.

“ಇದಕ್ಕ ತಳಾನೇ ಇಲ್ಲಲ್ಲ ಬೇ!” ಅಂದರು.

“ಅದನ್ನ ತಿರುವೋದು ಬ್ಯಾಡ್ರಿ ಅಬ್ಬಾ. ಅದೇ ಮಾಡ್ಕೋತೈತಿ.”

“ಅದೇ ಮಾಡ್ಕೊಂಡ್ರ ಫೋಟೊ ಅದೇ ತಗದಂಗ ಆತು. ನಾ ಬರೇ ಹೊತ್ಕೊಂಡು ತಿರಗೋ ಹಮಾಲ.” ಕ್ಯಾಮೆರಾ ವಾಪಸು ಕೊಟ್ಟು, ಎದುರಿನ ಧರ್ಮಣ್ಣನ ಅಂಗಡಿಗೆ ಮಂಡಕ್ಕಿ ಸುಸಲಾ ತಿನ್ನಲು ಹೋಗಿಬಿಟ್ಟರು.

ಹೀಗಿರುವಾಗ ಮಿನಾಜಳ ಮದುವೆ ಗೊತ್ತಾಯಿತು. ಹುಡುಗ ನಯೀಮ, ಅಫಜಲಪುರದಲ್ಲಿ ಕಬ್ಬಿನ ಗದ್ದೆಗಳಿಗೆ ಡ್ರಿಪ್ ಪೈಪು ಹಾಕಿಸುವವನು. ಒಳ್ಳೆಯವನು, ಆದರೆ ಫೋಟೊದಲ್ಲಿ ನಿಂತರೆ ಪೈಪಿನ ಹಾಗೇ ನಿಲ್ಲುತ್ತಾನೆ. ಮದುವೆ ಮಾಡಿ ನೋಡು ಅಂತಾರಲ್ಲ, ಮನೆಯಲ್ಲಿ ಸೀರೆ, ಅಡುಗೆ, ಹಾಲ್ ಎಲ್ಲದರ ಚಿಂತೆ ಶುರುವಾಯಿತು. ನನಗಿದ್ದದ್ದು ಒಂದೇ ಚಿಂತೆ: ಎಲ್ಲರ ಜಲ್ವಾ ತೆಗೆದವಳ ಜಲ್ವಾ ತೆಗೆಯುವವರು ಯಾರು?

“ನಾನೇ ತಗೀತೇನಿ,” ಅಂದೆ.

“ನೀ ವಿಡಿಯೊ ಮಾಡು,” ಅಂದಳು ಮಿನಾಜ. “ಜಲ್ವಾ ಅಬ್ಬಾ ತಗೀಬೇಕು. ಅಪ್ಪ ಅಂದ್ರ ಹೊರಗಿನ ಗಂಡಸಲ್ಲ, ಯಾರೂ ಬ್ಯಾಡ ಅನ್ನಂಗಿಲ್ಲ. ಜಿಂದಗಿ ತುಂಬ ಪರದಾ ಹೊರಗ ಕೂತಾರ. ಒಂದ್ಸಲ ಒಳಗ ಬರ್ಲಿ. ಅವರು ತಗೀಲಿಲ್ಲಂದ್ರ ನನ್ನ ಜಲ್ವಾ ಫೋಟೊ ಯಾರೂ ತಗೀಬ್ಯಾಡ್ರಿ.”

ಚಾಚಾ ಕೇಳಿಸಿಕೊಂಡರು. ಮುಖ ಇಳಿಯಿತು. “ಎಲ್ಲಾರ ಮಕ್ಕಳದೂ ನಿಚ್ಚಳ ತಗದು, ನನ್ನ ಮಗಳದು ಮಬ್ಬ ತಗೀಲೇನು? ಆಗಂಗಿಲ್ಲ ಬೇಟಾ,” ಅಂದರು. ಅಪ್ಪ ಮಗಳು ಇಬ್ಬರದೂ ಒಂದೇ ಹಟ. ಚಾಚಿ ನಡುವೆ ಬಂದು ಇಬ್ಬರಿಗೂ ಬೈದರು, ಅದರಿಂದಲೂ ಏನೂ ಆಗಲಿಲ್ಲ.

ಮಿನಾಜ ಸುಮ್ಮನೆ ಕೂರುವವಳಲ್ಲ. ಅಂಗೈಯಲ್ಲಿ ಹಿಡಿಸುವ ಒಂದು ಡಬ್ಬಿ ಪಾರ್ಸಲ್ ತರಿಸಿದಳು. ಒಳಗೆ ಕರೀ ಲೋಹದ ದಪ್ಪ ಬಳೆಯಂಥದ್ದು. ಅಡಾಪ್ಟರ್ ಅಂತ ಅದರ ಹೆಸರು, ನಾವು ಮೊದಲಿನಿಂದಲೂ ಬಳೆ ಅಂದೆವು. ಹೊಸ ಕ್ಯಾಮೆರಾ ತೆಳ್ಳಗಿರುವುದರಿಂದ ಹಳೇ ಲೆನ್ಸಿಗೂ ಅದಕ್ಕೂ ನಡುವೆ ಒಂದಿಷ್ಟು ಜಾಗ ಬೇಕಾಗುತ್ತದೆ. ಆ ಜಾಗ ತುಂಬುವುದು ಈ ಬಳೆ. ಬರೀ ತುಂಬುವ ಬಳೆಗಳು ಬಹಳ ಇವೆ. ಇದರ ಒಳಗೆ ಸಣ್ಣ ಮೋಟರ್ ಇತ್ತು. ಅದು ಹಳೇ ಲೆನ್ಸನ್ನು ಇಡಿಯಾಗಿ ಹಿಡಿದು ಕೂದಲೆಳೆಯಷ್ಟು ಹಿಂದೆ ಮುಂದೆ ದೂಡುತ್ತದೆ, ಕ್ಯಾಮೆರಾ ಕಣ್ಣನ್ನು ಹುಡುಕಿ ‘ಇಲ್ಲಿ ನಿಲ್ಲಿಸು’ ಅನ್ನುತ್ತದೆ. ಅಂದರೆ ಕೈಯಿಂದಷ್ಟೇ ಫೋಕಸ್ ಆಗುತ್ತಿದ್ದ ಲೆನ್ಸಿಗೆ ತಾನಾಗಿ ಫೋಕಸ್ ಮಾಡುವ ಬುದ್ಧಿ ಬರುತ್ತದೆ.

ಮಿನಾಜ ಗೂಟದ ಮೇಲಿನ ಚೀಲ ಇಳಿಸಿ, ಲೆನ್ಸು ತೆಗೆದು, ಬಳೆ ತೊಡಿಸಿ, ಕ್ಯಾಮೆರಾಕ್ಕೆ ಹಾಕಿ ಚಾಚಾರ ಮುಂದಿಟ್ಟಳು. “ಲೆನ್ಸೂ ನಿಮ್ದೇ, ಕೈನೂ ನಿಮ್ದೇ. ನಡುವ ಈ ಬಳಿ ಅಷ್ಟ ಹೊಸಾದು.”

ಚಾಚಾ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಎದುರಿಗೆ ಧರ್ಮಣ್ಣ ಮಿರ್ಚಿ ಭಜಿ ಕರಿಯುತ್ತಿದ್ದ. ಅವನ ಮೇಲೆ ಹಿಡಿದರು. ಮೋಟರ್ ಗಿರ್ ಅಂತು, ಚೌಕ ಧರ್ಮಣ್ಣನ ಕಣ್ಣಿನ ಮೇಲೆ ಕೂತಿತು. ಇನ್ನೇನು ಗುಂಡಿ ಒತ್ತಬೇಕು, ಅಷ್ಟರಲ್ಲಿ ಚಾಚಾರ ಎಡಗೈ ಹಳೇ ಚಾಳಿಯಂತೆ ಪಟ್ಟಿ ತಿರುಗಿಸಿತು. ಚಿತ್ರ ಮಬ್ಬಾಯಿತು. ಮೋಟರ್ ಓಡಿಬಂದು ಸರಿಮಾಡಿತು, ಕೈ ಮತ್ತೆ ತಿರುಗಿಸಿತು. ಒಂದೇ ಒಲೆಯ ಮುಂದೆ ಇಬ್ಬರು ಸೊಸೆಯರು ಕೂತ ಹಾಗೆ, ಒಬ್ಬಳು ಉರಿ ಏರಿಸುವುದು, ಇನ್ನೊಬ್ಬಳು ಇಳಿಸುವುದು.

“ಮಸೂದ ಭಾಯ್, ಲಗೂ ತಗೀರಿ! ನಿಮ್ಮ ಸಲುವಾಗಿ ನಿಂತು ಮಿರ್ಚಿ ಕರ್ರಗಾದ್ವು!” ಅಂತ ಧರ್ಮಣ್ಣ ಭಜಿ ಎತ್ತುವ ಜಾರಿ ಹಿಡಿದೇ ಕೂಗಿದ.

“ಕೈ ಸುಮ್ಮ ಇಡ್ರಿ ಅಬ್ಬಾ,” ಅಂತ ಮಿನಾಜ.

“ಇಟ್ಟೇನಿ. ಅದು ಕೇಳವಲ್ದು.”

ಕೇಳದ ಕೈಗೆ ಮಿನಾಜ ಮದ್ದು ಹುಡುಕಿದಳು. ಪಟ್ಟಿಯನ್ನು ದೂರದ ಕೊನೆಗೆ, ಅಡ್ಡ ಮಲಗಿದ ಎಂಟರ ಗುರುತಿದೆಯಲ್ಲ, ಅಲ್ಲಿಗೆ ತಿರುಗಿಸಿ, ಕರೆಂಟಿನವರ ಕರೀ ಟೇಪು ಸುತ್ತಿಬಿಟ್ಟಳು. ಪಟ್ಟಿ ಅಲ್ಲಾಡದಂತಾಯಿತು. ಈಗ ಚಾಚಾರ ಕೈ ಎಷ್ಟು ತಡಕಾಡಿದರೂ ಕೆಲಸ ಕೆಡಲಿಲ್ಲ. ಮತ್ತೆ ಧರ್ಮಣ್ಣನ ಮೇಲೆ ಹಿಡಿದರು. ಹಿಡಿದವರು ರಸ್ತೆ ದಾಟುವಷ್ಟು ದೊಡ್ಡ ದನಿಯಲ್ಲಿ ಕೇಳಿದರು: “ಧರ್ಮಣ್ಣಾ, ಇವತ್ತ ಏನ್ ಉಂಡಿ?”

“ಎಲ್ಲಿ ಉಣ್ಣೋದ್ರಿ? ನೀವು ಬಿಟ್ರ ಉಣ್ತೇನಿ!” ಅಂತ ಧರ್ಮಣ್ಣ ನಕ್ಕ. ಚಕ್.

ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿ ನೋಡಿದೆವು. ಧರ್ಮಣ್ಣನ ಹುಬ್ಬಿನ ಬೆವರ ಹನಿ ಎದ್ದು ಕಾಣುತ್ತಿತ್ತು, ಕಣ್ಣು ಅದಕ್ಕಿಂತ ನಿಚ್ಚಳ, ಹಿಂದಿನ ಗೋಡೆ ಆ ಹಳೇ ಲೆನ್ಸು ಮಾತ್ರ ಮಾಡುವ ರೀತಿಯಲ್ಲಿ ಮೆತ್ತಗೆ ಕರಗಿತ್ತು. ಚಾಚಾ ಬಹಳ ಹೊತ್ತು ನೋಡಿದರು. “ಆತು. ತಗೀತೇನಿ,” ಅಂದರು. ಮಿನಾಜ ಅಪ್ಪನ ಮುಂದೆ ಏನೂ ತೋರಿಸದೆ ಒಳಗೆ ಹೋಗಿ, ರೀಲು ತೊಳೆಯುತ್ತಿದ್ದ ಹಳೇ ಕತ್ತಲೆ ಕೋಣೆಯಲ್ಲಿ ನನ್ನನ್ನು ಹಿಡಿದು ಕುಣಿದಳು.

ಮದುವೆಯ ದಿನ ನಿಕಾಹ್ ಮುಗಿಯಿತು, ಊಟ ನಡೆಯಿತು. ಚಾಚಾ ಹೊಸ ಶೇರವಾನಿ ಮೇಲೆ ಹಳೇ ಚೀಲ ನೇತುಹಾಕಿಕೊಂಡು ಎಲ್ಲರ ಫೋಟೊ ತೆಗೆದರು. ದೊಡ್ಡ ಹಾಲಿನಲ್ಲಿ ಎಲ್ಲರೂ ದೂರ ದೂರ ನಿಂತಿದ್ದರು, ಬಳೆ ಗಿರ್ ಅನ್ನುತ್ತಿತ್ತು, ಚೌಕ ಕಣ್ಣಿಗೆ ಕೂರುತ್ತಿತ್ತು. ಮಗಳ ಮದುವೆಯ ಅಪ್ಪ ಬಂದವರನ್ನು ‘ಉಂಡ್ರಿ ಏನ್ರಿ’ ಅಂತ ಕೇಳುವುದು ರಿವಾಜು. ಈ ಅಪ್ಪ ಕ್ಯಾಮೆರಾ ಹಿಡಿದೇ ಕೇಳಿ ಎರಡೂ ಕೆಲಸ ಮುಗಿಸಿದರು.

ಆಮೇಲೆ ಮನೆಗೆ ಬಂದು ಜಲ್ವಾ. ಚಾಚಾರ ಮನೆಯ ಒಳಕೋಣೆ, ಒಂದು ಮಂಚ ಹಾಕಿದರೆ ಮುಗಿಯಿತು ಅನ್ನುವಷ್ಟು ದೊಡ್ಡದು. ಅದರಲ್ಲಿ ಎರಡೂ ಕಡೆಯ ಹೆಂಗಸರು ಮುತ್ತಿಕೊಂಡಿದ್ದರು. ಚಾಚಾ ಪರದೆಯ ಹತ್ತಿರ ಬಂದವರು ಚಾಳಿಯಂತೆ ಹೊರಗೇ ನಿಂತುಬಿಟ್ಟರು. ಅಲ್ಲಿ ಯಾರೋ ಒಂದು ಕುರ್ಚಿ ಬೇರೆ ಹಾಕಿದ್ದರು. ನಯೀಮನ ತಾಯಿ ಪರದೆ ಎತ್ತಿ ನೋಡಿದರು. ದಪ್ಪ ದನಿಯ, ದೊಡ್ಡ ಕೈಯ ಹೆಂಗಸು, ನನಗೆ ಮೊದಲ ದಿನವೇ ಹಿಡಿಸಿದ್ದರು.

“ಬರ್ರಿ ಒಳಗ. ನಿಮ್ಮ ಮಗಳು ಮೊದ್ಲೇ ಹೇಳ್ಯಾಳ. ಆದ್ರ ಒಂದು, ಇಲ್ಲಿ ನಿಂತು ಅಳಬ್ಯಾಡ್ರಿ, ಹುಡುಗಿ ಕಾಡಿಗಿ ಕೆಡ್ತೈತಿ,” ಅಂದರು. ಹೆಂಗಸರೆಲ್ಲ ಸೆರಗು ಸರಿಮಾಡಿಕೊಂಡು ಗೋಡೆಗೆ ಒತ್ತಿ ದಾರಿ ಬಿಟ್ಟರು. ಚಾಚಾ ಒಳಗೆ ಬಂದರು. ನಾನು ಕಪಾಟಿನ ಪಕ್ಕ ವಿಡಿಯೊ ಹಿಡಿದು ನಿಂತೆ.

ಕೆಂಪು ಬಟ್ಟೆ ಹಿಡಿದರು. ನಯೀಮನ ಮುಖದ ಮುಂದಿನ ಹೂವಿನ ಸೆಹ್ರಾ ಎತ್ತಿದರು. ಮಿನಾಜ ತಲೆ ತಗ್ಗಿಸಿ, ಕಣ್ಣು ಮುಚ್ಚಿ ಕೂತಿದ್ದಳು. ನಡುವೆ ಕನ್ನಡಿ ಇಟ್ಟರು. ಚಾಚಾ ನಯೀಮನ ಭುಜದ ಹಿಂದೆ ಬಗ್ಗಿ, ಕನ್ನಡಿಯೊಳಗಿನ ಮಗಳ ಮುಖಕ್ಕೆ ಹಿಡಿದರು. ಗಿರ್ ಅಂತು. ನಿಲ್ಲಲಿಲ್ಲ. ಗಿರ್, ಗಿರ್, ಗಿರ್. ಚೌಕ ಕಣ್ಣಿನ ಮೇಲೆ ಕೂತಿದೆ, ಫೋಕಸ್ ಮಾತ್ರ ಸಿಗುತ್ತಿಲ್ಲ. ಮೋಟರ್ ಲೆನ್ಸನ್ನು ತನ್ನ ಕೈಲಾದಷ್ಟು ಮುಂದೆ ದೂಡಿ, ಆಗದೆ, ಹಿಂದೆ ತಂದು, ಮತ್ತೆ ದೂಡುತ್ತಿತ್ತು. ಚಾಚಾ ಹಿಂದೆ ಸರಿಯಲು ನೋಡಿದರು. ಹಿಂದೆ ಗೋಡೆ, ಗೋಡೆಗೆ ಒತ್ತಿ ನಿಂತ ಹೆಂಗಸರು. ಚಾಚಾರ ಹಣೆಯಲ್ಲಿ ಬೆವರು ಬಂತು. ಇಜೇರಿಯ ಝುಮಕಿ ಅವರಿಗೆ ನೆನಪಾಗಿದೆ ಅಂತ ನನಗೆ ಗೊತ್ತಾಯಿತು. ಹಿಡಿದವರ ಕೈ ಸೋತು ಕೆಂಪು ಬಟ್ಟೆ ಇಳಿಯತೊಡಗಿತು. ಹುಡುಗ ಇನ್ನೇನು ಕನ್ನಡಿ ನೋಡುತ್ತಾನೆ. ಈ ಗಳಿಗೆ ಹೋದರೆ ಇನ್ನೊಮ್ಮೆ ಮಾಡಿ ಅನ್ನುವ ಹಾಗಿಲ್ಲ. ಚಾಚಾ ಕ್ಯಾಮೆರಾ ಇಳಿಸಿ ನನ್ನ ಕಡೆ ನೋಡಿದರು. ಆ ನೋಟ ನೋಡಲಾಗದೆ ನಾನು ತಲೆ ತಗ್ಗಿಸಿದೆ.

ಆಗ ಬಟ್ಟೆಯ ಕೆಳಗಿನಿಂದ, ಮುಚ್ಚಿದ ಕಣ್ಣು ತೆರೆಯದೆ, ಮದುಮಗಳು ಮಾತಾಡಿದಳು.

“ಅಬ್ಬಾ, ಟೇಪ್ ಕೀಳ್ರಿ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಲ್ವಾದಲ್ಲಿ ಹುಡುಗಿ ಉಸಿರು ಬಿಟ್ಟದ್ದೂ ಕೇಳಬಾರದು ಅಂತ ಲೆಕ್ಕ.

“ಭಾಳ ಹತ್ರ ಇದ್ದೀರಿ,” ಅಂದಳು ಮಿನಾಜ, ಅಂಗಡಿಯಲ್ಲಿ ಕೂತವಳ ದನಿಯಲ್ಲೇ. “ಮಂಚದ ಉದ್ದಕಿಂತ ಹತ್ರ ಬಂದ್ರ ಬಳಿ ಒಂದಕ್ಕೇ ನಿಲುಕಂಗಿಲ್ಲ. ನಂಗ ನೆನಪೇ ಆಗ್ಲಿಲ್ಲ. ಟೇಪ್ ಕಿತ್ತು ಕೈಲೆ ಹತ್ರಕ್ಕ ತಿರುವ್ರಿ. ಉಳದದ್ದು ಅದು ಮಾಡ್ತೈತಿ.”

ಕಣ್ಣು ಮುಚ್ಚಿ ಕೂತವಳು ಮೋಟರಿನ ಸದ್ದು ಕೇಳಿಯೇ ಎಲ್ಲಿ ತಪ್ಪಿದೆ ಅಂತ ಹಿಡಿದಿದ್ದಳು! ನನಗೆ ನಗು ತಡೆಯಲಾಗಲಿಲ್ಲ, ಇವತ್ತಿಗೂ ಆ ವಿಡಿಯೊ ಅಲ್ಲಿಂದ ಮುಂದೆ ಅಲ್ಲಾಡುತ್ತದೆ. ಚಾಚಾ ಹಲ್ಲಿನಿಂದ ಟೇಪಿನ ತುದಿ ಎಬ್ಬಿಸಿ ಸರ್ರನೆ ಕಿತ್ತರು. ಎಡಗೈ ಪಟ್ಟಿಯ ಮೇಲೆ ಹೋಯಿತು. ಇಷ್ಟು ದಿನ ಸುಮ್ಮನಿರು ಅನ್ನಿಸಿಕೊಂಡ ಕೈಗೆ ಈಗ ಹಕ್ಕು ಬಂದಿತ್ತು. ಅದು ಯಾರನ್ನೂ ಕೇಳದೆ ತಿರುಗಿ, ಎಲ್ಲಿ ನಿಲ್ಲಬೇಕೋ ಅದರ ಹತ್ತಿರ ನಿಂತಿತು. ಬಳೆ ಒಂದೇ ಸಲ, ಸಣ್ಣಗೆ, ಗಿರ್ ಅಂದು ಸುಮ್ಮನಾಯಿತು.

ಆದರೂ ಚಾಚಾ ಗುಂಡಿ ಒತ್ತಲಿಲ್ಲ. ಕ್ಯಾಮೆರಾದ ಹಿಂದಿನಿಂದ ಮೆಲ್ಲಗೆ ಕೇಳಿದರು:

“ಇವತ್ತ ಏನ್ ಉಂಡಿ ಬೇಟಾ?”

“ಏನೂ ಇಲ್ರಿ ಅಬ್ಬಾ, ಮುಂಜಾನಿಂದ ಬರೇ ಚಾ,” ಅಂದು ಮಿನಾಜ ನಕ್ಕುಬಿಟ್ಟಳು. ನಗುತ್ತಾ ಕಣ್ಣು ತೆರೆದು ಕನ್ನಡಿಯಲ್ಲಿ ನೋಡಿದಳು. ಚಕ್.

ಮೊದಲು ಬಾಯಿ ಬಿಟ್ಟವರು ನಯೀಮನ ತಾಯಿ. “ಹುಡುಗಿ ಉಂಡಿಲ್ಲಂತ! ಯಾರ್ ಬೇ ನೋಡ್ಕೊಳ್ಳೋರು? ತಾಟ ತರ್ರಿ ಮೊದ್ಲ!” ಅಂತ ಗುಡುಗಿದರು. ಕೆಂಪು ಬಟ್ಟೆಯ ಕೆಳಗೇ ತಹರಿ ಅನ್ನದ ತಾಟು ಬಂತು. ಆಮೇಲೆ ಎಲ್ಲರೂ ಕ್ಯಾಮೆರಾದ ಹಿಂದಿನ ಪರದೆಗೆ ಮುಗಿಬಿದ್ದರು. ಕನ್ನಡಿಯಲ್ಲಿ ಮಿನಾಜಳ ರೆಪ್ಪೆ ರೆಪ್ಪೆಯೂ ನಿಚ್ಚಳ. ಆದರೆ ಕಣ್ಣು ಗಂಡನ ಕಡೆಗಿಲ್ಲ. ನೆಟ್ಟಗೆ ಲೆನ್ಸಿನ ಒಳಗೆ, ಅಪ್ಪನನ್ನೇ ನೋಡುತ್ತಿವೆ.

“ಏನ್ ಬೇ, ಜಲ್ವಾದಾಗ ಗಂಡನ್ನ ನೋಡು ಅಂದ್ರ ಅಪ್ಪನ್ನ ನೋಡೀಯಲ್ಲ!” ಅಂದರು ಅತ್ತೆ.

“ಇರ್ಲಿ ಬಿಡ್ರಿ ಅಮ್ಮಿ, ನಾ ನೋಡೇನಲ್ಲ,” ಅಂದ ನಯೀಮ. ಫೋಟೊದಲ್ಲಿ ಅವನ ಅರ್ಧ ಮುಖ ಅಂಚಿನಲ್ಲಿತ್ತು. ಪೈಪಿನ ಹಾಗೆ ನಿಲ್ಲುವ ಹುಡುಗ, ನಗುವ ಹೆಂಡತಿಯನ್ನು ನೋಡುತ್ತಾ ಬಾಯಿ ತೆರೆದು ಕೂತಿದ್ದ. ಅವತ್ತಿನಿಂದ ಅವನ ಮೇಲಿನ ನನ್ನ ತಕರಾರು ಎಲ್ಲ ವಾಪಸು.

ಚಾಚಾ ಯಾವಾಗ ಹೊರಗೆ ಹೋದರೋ ನೋಡಲಿಲ್ಲ. ನಾನು ಪರದೆ ಎತ್ತಿ ಬಂದಾಗ ಆ ಕುರ್ಚಿಯ ಮೇಲೆ ಕ್ಯಾಮೆರಾ ತೊಡೆಗಿಟ್ಟುಕೊಂಡು ಕೂತಿದ್ದರು. ಕಣ್ಣಿನಿಂದ ನೀರು ಇಳಿದು ಗಡ್ಡಕ್ಕೆ ಹೋಗುತ್ತಿತ್ತು. ಕರೀ ಟೇಪಿನ ತುಂಡು ಶೇರವಾನಿಯ ತೋಳಿಗೆ ಅಂಟಿತ್ತು.

“ಅಳಬ್ಯಾಡ್ರಿ ಅಂದಿದ್ರಲ್ಲ ಚಾಚಾ,” ಅಂದೆ. ನಾನೂ ಕಣ್ಣು ಒರೆಸಿಕೊಂಡೆ.

“ಒಳಗ ನಿಂತು ಅಳಬ್ಯಾಡ್ರಿ ಅಂದ್ರು. ಹೊರಗ ಕೂತು ಅಳಾಕತ್ತೇನಿ,” ಅಂದರು.

ನಾನು ಪಕ್ಕದಲ್ಲಿ ನೆಲದ ಮೇಲೆ ಕೂತೆ. ಒಳಗೆ ಹೆಂಗಸರು ಮತ್ತೆ ಹಾಡಲು ಶುರುಮಾಡಿದ್ದರು. ಚಾಚಾ ತೋಳಿನ ಟೇಪು ಕಿತ್ತು ಉಂಡೆ ಮಾಡಿ ಜೇಬಿಗೆ ಹಾಕಿಕೊಂಡರು. ಲೆನ್ಸನ್ನು ಶೇರವಾನಿಯ ತುದಿಯಿಂದ ಒರೆಸಿದರು.

“ಬರೋ ಆಯಿತಾರ ಜೇವರ್ಗಿ ಮದುವಿ ಐತಲ್ಲ ಪಂಚು,” ಅಂದರು. “ಮಿನಾಜ ಇರಂಗಿಲ್ಲ. ಫೋಟೊ ಯಾರ್ ತಗೀತಾರ?”

“ಯಾರ್ ತಗೀತಾರ್ರಿ ಮತ್ತ?” ಅಂದೆ.

ಚಾಚಾ ಕ್ಯಾಮೆರಾ ಎತ್ತಿ ನನ್ನ ಅತ್ತ ಮುಖಕ್ಕೆ ಹಿಡಿದರು. ಎಡಗೈ ಪಟ್ಟಿಯನ್ನು ಹತ್ತಿರಕ್ಕೆ ತಿರುಗಿಸಿತು, ಬಳೆ ಸಣ್ಣಗೆ ಗಿರ್ ಅಂತು.

“ಪಂಚು, ನೀ ಏನ್ ಉಂಡಿ?”